ಒಡೆಯದೇ ಉಳಿದ ಅಚ್ಚು

ಕಾಂಕ್ರೀಟಿನ ಲಾರಿ ಗೇಟಿನ ಹೊರಗೆ ಬಂದು ನಿಂತ ಹೊತ್ತಿಗೇ ಗಂಗಿಯ ಪಿಕಾಸಿ ನೆಲದೊಳಗೆ ಠಣ್ ಎಂದಿತು.

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಗೆ ಬೆನ್ನು ಕೊಟ್ಟು ನಿಂತ ಹಳೆಯ ಎರಕದ ಶೆಡ್ಡು ಅದು. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಮೂಲೆಯಲ್ಲಿ ಇಟ್ಟಿಗೆಯ ಭಟ್ಟಿ, ಅದರ ಮೇಲೆ ಮಾಡನ್ನು ಸೀಳಿಕೊಂಡು ಎದ್ದ ಚಿಮಣಿ. ಒಂದು ಕಾಲಕ್ಕೆ ಮಾಜಾಳಿಯಿಂದ ಅಂಕೋಲೆಯ ತನಕ ನೀರಿನಡಿ ತಿರುಗಿ ಬೋಟನ್ನು ತಳ್ಳುವ ಫ್ಯಾನಿನಿಂದ ಹಿಡಿದು ಬೋಟುಗಳಿಗೆ ಬೇಕಾದ ಕಂಚಿನ ಸಾಮಾನೆಲ್ಲ ಇಲ್ಲೇ ಎರಕವಾಗುತ್ತಿತ್ತು. ಈಗ ಅದನ್ನು ಲೀಸಿಗೆ ಹಿಡಿದವಳು ರೂಪಾಲಿ. ಮಾಜಾಳಿಯಿಂದ ದಿನಾ ಬಸ್ಸು ಹಿಡಿದು ಗೋವಾದ ಶಿಪ್‌ಯಾರ್ಡಿನಲ್ಲಿ ದುಡಿದು ದುಡಿದು, ಕೊನೆಗೂ ತನ್ನದೇ ಬೋಟ್ ಇಂಜಿನ್ ವರ್ಕ್‌ಶಾಪ್ ತೆರೆಯಲು ಹೊರಟಿದ್ದಳು. ಮರಳಿನ ನೆಲಕ್ಕೆ ಕಾಂಕ್ರೀಟ್ ಬಿದ್ದರೆ ಮುಗಿಯಿತು ಎನ್ನುವಷ್ಟೇ ಕೆಲಸ ಬಾಕಿ.

“ಬಾಯೀ, ಇಲ್ಲಿ ಎಂತದೋ ಅದೆ! ಕಲ್ಲಂತೂ ಅಲ್ಲ!” ನೆಲ ಸಮ ಮಾಡಲು ಬಂದಿದ್ದ ಗಂಗಿ ಕೂಗಿದಳು.

ರೂಪಾಲಿ ಮೊಣಕಾಲೂರಿ ಮರಳನ್ನು ಎರಡೂ ಕೈಯಿಂದ ಬಾಚಿದಳು. ತುಕ್ಕು ಹಿಡಿದ ಕಬ್ಬಿಣದ ಚೌಕಟ್ಟು. ಅದರೊಳಗೆ ಸುಟ್ಟು ಗಟ್ಟಿಯಾದ ಮಣ್ಣು. ಮಣ್ಣಿನ ನಡುವೆ ಮುಷ್ಟಿ ಗಾತ್ರದ ಹಸಿರು ಗಂಟು. ಸ್ಕ್ರೂಡ್ರೈವರಿನಿಂದ ಕೆರೆದಳು, ಹಸಿರಿನ ಅಡಿಯಲ್ಲಿ ಹಳದಿ ಹೊಳಪು ಮಿಂಚಿತು. ಕಂಚು! ಲೋಹ ಸುರಿದಿದ್ದಾರೆ, ಅಚ್ಚು ಒಡೆದಿಲ್ಲ.

ಇದೇ ಶೆಡ್ಡಿನಲ್ಲಿ ಅಚ್ಚು ಕಟ್ಟುತ್ತಿದ್ದ ಮಂಗೇಶ ಕಾಕಾ ಶಿರವಾಡದಲ್ಲಿದ್ದ. ಅವಳು ಫೋನ್ ಹಚ್ಚಿದಳು.

“ಕಾಕಾ, ಇಲ್ಲಿ ಕೊನೇಗೆ ಎರಕ ಹಾಕಿದ್ದು ಎಂತದು?”

“ದೇವಬಾಗದವರ ಬೋಟಿನ ಫ್ಯಾನು. ಯಾಕೆ?”

“ಅದು ಇನ್ನೂ ಇಲ್ಲೇ ಅದೆ. ನೆಲದೊಳಗೆ!”

“ಮುಟ್ಟಬೇಡ, ಬಂದೆ!” ಎಂದು ಫೋನ್ ಕಟ್ಟಾಯಿತು.

ಅಷ್ಟರಲ್ಲಿ ಅವಳ ಗಂಡ ಸುಮಿತ ಬೆವರೊರೆಸುತ್ತ ಒಳಗೆ ಬಂದ. “ರೂಪಾ, ಲಾರಿಯವ ಹಾರ್ನ್ ಹೊಡೆದೇ ಹೊಡೀತಾನೆ. ಮಾಲು ಲಾರಿಯಲ್ಲೇ ಗಟ್ಟಿಯಾದ್ರೆ ಎಲ್ಲಾ ಹಾಳು. ಸುರಿಸಲಾ?”

“ಇಲ್ಲಿ ಬೇಡ! ಅಂಗಳಕ್ಕೆ ಸುರಿಸು. ಬೋಟ್ ಎಳೆದು ತರೂಕೆ ಅಲ್ಲೂ ಗಟ್ಟಿ ನೆಲ ಬೇಕಲ್ಲ.”

“ಅಲ್ಲಿ ಅಂಚಿಗೆ ಹಲಗೆ ಕಟ್ಟಿಲ್ಲ!”

“ಕಟ್ಟು ಮಾರಾಯಾ, ಓಡು!”

ಸುಮಿತ ಅವಳ ಮುಖ ನೋಡಿದ. ವಾದಿಸಿ ಪ್ರಯೋಜನವಿಲ್ಲ ಎಂದು ತಿಳಿದವನಂತೆ, ಸಿಕ್ಕ ಹಲಗೆಗಳನ್ನು ಹೆಗಲ ಮೇಲೆ ಹೇರಿಕೊಂಡು ಓಡಿದ.

ಮಂಗೇಶ ಕಾಕಾ ಸ್ಕೂಟರಿನಿಂದ ಇಳಿದವನು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಸೀದಾ ಗುಂಡಿಯ ಬಳಿ ಕೂತ. ಚೌಕಟ್ಟಿನ ಮೇಲೆ ಅಂಗೈ ಇಟ್ಟ.

“ಸುರಿದ ಮರುದಿನ ಬೆಳಗ್ಗೆ ನದಿ ಒಳಗೆ ಬಂತು. ನೀರು ಇಳಿದ ಮೇಲೆ ನೋಡಿದ್ರೆ ಸೊಂಟದ ತನಕ ಕೆಸರು. ಮಾಲೀಕರು ಬೀಗ ಹಾಕಿ ಗೋವಾಕ್ಕೆ ಹೋದ್ರು. ಯಾರೋ ಅಗೆದು ಒಯ್ದಿರಬೇಕು ಅಂದ್ಕೊಂಡಿದ್ದೆ.” ಅವನ ದನಿ ಸಣ್ಣಗಾಯಿತು. “ಒಂದು ಮಾತು ಕೇಳು. ಅವತ್ತು ಸುರಿವಾಗ್ಲೇ ಕಂಚು ಆರ್ತಾ ಬಂದಿತ್ತು. ನದಿ ಕಡೆಯ ರೆಕ್ಕೆ ತುಂಬಿತೋ ಇಲ್ವೋ, ನನಗೆ ಇವತ್ತಿಗೂ ಗೊತ್ತಿಲ್ಲ.”

“ನೋಡೇ ಬಿಡುವ, ಕಾಕಾ.”

ಮೂವರೂ ಕೆಲಸಕ್ಕಿಳಿದರು. ಕಾಕಾ ಉಳಿಯಿಂದ ಮಣ್ಣು ಬಿಡಿಸಿದ, ಗಂಗಿ ಬುಟ್ಟಿಗೆ ತುಂಬಿ ಹೊರಗೆ ಚೆಲ್ಲಿದಳು, ರೂಪಾಲಿ ಇಂಜಿನ್ ಎತ್ತಲು ತಂದಿದ್ದ ಚೈನ್ ಪುಲ್ಲಿಯನ್ನು ಮಾಡಿನ ಸಾಗವಾನಿ ತೊಲೆಗೆ ಬಿಗಿದಳು. ಮೊದಲ ರೆಕ್ಕೆ ಕಾಣಿಸಿತು. ತುದಿಯ ತನಕ ಪೂರ್ತಿ. ಎರಡನೆಯದೂ ಪೂರ್ತಿ. ನದಿ ಕಡೆಯ ಮೂರನೆಯ ರೆಕ್ಕೆಯ ಬಳಿ ಬಂದಾಗ ಕಾಕಾ ಕೆತ್ತುವುದನ್ನು ನಿಲ್ಲಿಸಿದ. ಉಳಿಯನ್ನು ರೂಪಾಲಿಗೆ ಕೊಟ್ಟು, “ನೀನೇ ತೆಗಿ” ಎಂದು ಮುಖ ಆಚೆ ತಿರುಗಿಸಿಕೊಂಡ.

ಅವಳು ಉಸಿರು ಹಿಡಿದು ಮಣ್ಣು ಕೆತ್ತಿದಳು. ಅರ್ಧ ರೆಕ್ಕೆ. ಮುಕ್ಕಾಲು. ಅಲ್ಲೊಂದು ಸುಕ್ಕು, ಆರುತ್ತಿದ್ದ ಕಂಚು ತಡವರಿಸಿದ ಗುರುತು. ಲೋಹ ಅಲ್ಲಿಗೇ ನಿಂತಿತೇ? ಬೆರಳನ್ನು ಮಣ್ಣಿನೊಳಗೆ ತೂರಿಸಿ ತಡಕಿದಳು. ತಣ್ಣನೆಯ ಅಂಚು ಬೆರಳ ತುದಿಗೆ ದುಂಡಗೆ ತಾಗಿತು.

“ತುಂಬಿದೆ! ಕಾಕಾ, ತುದಿ ತನಕ ತುಂಬಿದೆ!”

ಕಾಕಾ ತಿರುಗಿದ. ನೋಡಿದ. ಮತ್ತೆ ಬಗ್ಗಿ ನೋಡಿದ. ನಕ್ಕನೋ ಅತ್ತನೋ ಅವನಿಗೇ ತಿಳಿಯಲಿಲ್ಲ. ಗಂಗಿ ಚೈನ್ ಎಳೆದಳು. ತೊಲೆ ಒಮ್ಮೆ ಕಿರ್ರೆಂದು ಭಾರ ಹೊತ್ತಿತು. ಫ್ಯಾನು ಮಣ್ಣುದುರಿಸುತ್ತ ಮೇಲೆದ್ದು, ಮೂರೂ ರೆಕ್ಕೆ ಬಿಚ್ಚಿ ನಿಧಾನವಾಗಿ ತಿರುಗಿತು. ರೂಪಾಲಿ ಸ್ಪ್ಯಾನರಿನಿಂದ ಬಡಿದಳು. ನಾದ ಶೆಡ್ಡಿನ ಗೋಡೆಯಿಂದ ಗೋಡೆಗೆ ಹಾಯಿತು.

ಅವಳು ಭಟ್ಟಿಯ ಕಡೆ ನೋಡಿದಳು. ಇಷ್ಟು ದಿನ ಅದನ್ನು ಯಾವಾಗ ಕೆಡವಿಸುವುದು ಎಂದಷ್ಟೇ ಯೋಚಿಸಿದ್ದಳು. ಒಂದು ಫ್ಯಾನು ಮುರಿದರೆ ಬೋಟಿನವರು ದೂರದಿಂದ ಬರುವ ಹೊಸದಕ್ಕಾಗಿ ವಾರಗಟ್ಟಲೆ ಕಾಯುತ್ತಾರೆ. ಇಲ್ಲಿ ಅಚ್ಚು ಹೂಳಲು ಮರಳಿನ ನೆಲವಿದೆ, ಭಟ್ಟಿಯಿದೆ, ಕಲಿಸುವವನೂ ಇದ್ದಾನೆ.

“ಕಾಕಾ, ಇದು ಮತ್ತೆ ಉರಿಯುತ್ತದಾ?”

ಕಾಕಾ ಈಗ ಹೆಲ್ಮೆಟ್ ತೆಗೆದು ಗಂಗಿಯ ಕೈಗಿಟ್ಟ. ಭಟ್ಟಿಯ ಬಾಯೊಳಗೆ ತಲೆ ತೂರಿಸಿ ಮೇಲೆ ನೋಡಿದ. ಒಳಗಿನಿಂದ ಅವನ ದನಿ ಗುಂಯ್‌ಗುಟ್ಟಿತು: “ಆಕಾಶ ಕಾಣ್ತದೆ! ಚಿಮಣಿ ಖುಲ್ಲಾ ಅದೆ! ಇಟ್ಟಿಗೆ ಒಂದಷ್ಟು ಬದಲಿಸಿದ್ರೆ ಸಾಕು!”

“ಹಾಗಾದ್ರೆ ಒಳಗೆ ಕಾಂಕ್ರೀಟೇ ಬೇಡ,” ಎಂದಳು ರೂಪಾಲಿ. ಅಂಗಳದಲ್ಲಿ ಮೊಣಕಾಲ ತನಕ ಸಿಮೆಂಟು ಮೆತ್ತಿಕೊಂಡು ನಿಂತಿದ್ದ ಸುಮಿತನನ್ನು ಕರೆಯಲು ಹೊರಗೆ ಓಡಿದಳು.