ಮೂವತ್ತಾರು ತುಣುಕು

ಚನ್ನಗಿರಿಯ ಸಾಜಿದಾ ಟೈಟಾನಿಯಂ ಮಿಶ್ರಲೋಹದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಆ ಲೋಹ ಹಗುರ, ಬಲವಾದದ್ದು, ಆದರೆ ಉಜ್ಜಿದರೆ ಬೇಗ ಸವೆಯುತ್ತದೆ. ಗಟ್ಟಿ ಕಾರ್ಬೈಡ್ ಪುಡಿಯನ್ನು ಬೆಂಕಿಯ ರಭಸದಲ್ಲಿ ಅದರ ಮೇಲೆ ಸಿಂಪಡಿಸಿ ಪದರ ಕಟ್ಟಿದರೆ ಸವೆತ ಎಷ್ಟು ತಡೆಯುತ್ತದೆ ಎಂದು ಅವಳು ಅಳೆಯಬೇಕಿತ್ತು. ಆ ಪದರ ಕಟ್ಟಿಕೊಡುತ್ತಿದ್ದವರು ಹರಿಹರದ ಒಂದು ವರ್ಕ್‌ಶಾಪಿನಲ್ಲಿದ್ದ ಸಾಸ್ವೆಹಳ್ಳಿಯ ಖಾಜಾಸಾಬ್. ಹತ್ತೊಂಬತ್ತು ವರ್ಷ ಸ್ಪ್ರೇ ಗನ್ ಹಿಡಿದ ಕೈ ಅವರದು.

ಕಳೆದ ವರ್ಷ ಅವಳು ಪದರ ಕಟ್ಟಿಸಲು ಲೋಹದ ತುಣುಕುಗಳನ್ನು ಒಯ್ದ ದಿನ ಧೂಳು ಎಳೆಯುವ ಫ್ಯಾನು ಕೆಟ್ಟಿತ್ತು.

“ನಾಲ್ಕು ದಿನ ಬಿಟ್ಟು ಬಾ ಬೇಟಿ. ಫ್ಯಾನ್ ರಿಪೇರಿ ಆಗ್ಲಿ,” ಎಂದರು ಖಾಜಾಸಾಬ್.

“ಸೋಮವಾರ ಗೈಡಿಗೆ ತೋರಿಸ್ಬೇಕು ಚಾಚಾ. ಹೆಂಗಾದ್ರೂ ಮಾಡ್ಕೊಡ್ರಿ.”

ಅವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡರು. ಮಾಸ್ಕಿನ ಫಿಲ್ಟರ್ ಕೆಟ್ಟು ತಿಂಗಳಾಗಿತ್ತು. ಎರಡು ದಿನದಲ್ಲಿ ಮೂವತ್ತಾರು ತುಣುಕು ಮುಗಿಸಿದರು. ಗಾಜಿನಾಚೆ ನಿಂತಿದ್ದ ಸಾಜಿದಾಗೆ ಬೂದು ಧೂಳಿನಲ್ಲಿ ಅವರ ಬೆನ್ನಷ್ಟೇ ಕಾಣುತ್ತಿತ್ತು. ಪುಡಿಯಲ್ಲಿರುವ ಕೋಬಾಲ್ಟ್ ಶ್ವಾಸಕೋಶಕ್ಕೆ ಕೆಟ್ಟದ್ದೆಂದು ಅವಳು ಓದಿದ್ದಳು. ಹೇಳಲಿಲ್ಲ.

ಎಂಟು ತಿಂಗಳ ಮೇಲೆ ಉಳಿದ ತುಣುಕುಗಳನ್ನು ಹಿಡಿದು ಹೋದಾಗ ಗನ್ನಿನ ಹತ್ತಿರ ಬೇರೆ ಯಾರೋ ಇದ್ದರು. ಖಾಜಾಸಾಬ್‌ಗೆ ಟೀಬಿಯಂತೆ, ಕೆಲಸ ಬಿಟ್ಟಿದ್ದಾರೆ ಎಂದರು. ಅವಳು ತುಣುಕುಗಳ ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದಳು.

ಆ ಭಾನುವಾರ ಅವಳು ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಸಾಸ್ವೆಹಳ್ಳಿಗೆ ಹೋದಳು. ಖಾಜಾಸಾಬ್ ಗೋಡೆಗೆ ದಿಂಬು ಇಟ್ಟುಕೊಂಡು ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು.

“ಪದರ ಎದ್ದು ಬಂತೇನು?” ಎಂದು ಕೇಳಿದರು.

“ಇಲ್ಲ ಚಾಚಾ. ಎಷ್ಟು ಉಜ್ಜಿದ್ರೂ ಬರ್ಲಿಲ್ಲ.”

“ಬರಲ್ಲ,” ಎಂದರು. ಅಷ್ಟಕ್ಕೇ ಕೆಮ್ಮು ಹತ್ತಿತು.

ಅವರ ಹೆಂಡತಿ ಅಖ್ತರ್‌ಬೀ ಹೊರಗೆ ಕರೆದು ಹೇಳಿದರು: “ಆರು ತಿಂಗಳು ಟೀಬಿ ಮಾತ್ರೆ ನುಂಗಿಸಿದ್ವಿ. ಈಗ ಡಾಕ್ಟ್ರು ಇದು ಟೀಬಿ ಅಲ್ಲ ಅಂತಾರೆ. ಯಾವ ಪುಡಿ ಅಂತ ಬರೆಸ್ಕೊಂಡು ಬರ್ರಿ ಅಂದ್ರು. ಮಾಲೀಕ್ರು ಬರ್ಕೊಡಾಕೆ ಒಲ್ಲೆ ಅಂತಾರೆ.”

ಸಾಜಿದಾ ಅಲ್ಲೇ ಜಗಲಿಯ ಮೇಲೆ ಕೂತು ಬರೆದಳು. ಪುಡಿಯಲ್ಲಿ ಏನೇನಿತ್ತು, ಯಾವ ಎರಡು ದಿನ ಫ್ಯಾನಿಲ್ಲದೆ ಕೆಲಸ ನಡೆಯಿತು, ಕೆಲಸ ಮಾಡಿಸಿದ್ದು ತಾನೇ ಎಂದೂ ಬರೆದಳು. ಮರುದಿನ ಗೈಡಿಗೆ ತೋರಿಸಿದಾಗ ಅವರು ಅದನ್ನು ಎರಡು ಸಲ ಓದಿದರು.

“ಇದನ್ನ ಕೊಟ್ಟರೆ ಇನ್ನು ನಿನಗೆ ಯಾರೂ ಸ್ಪ್ರೇ ಮಾಡಿಕೊಡಲ್ಲಮ್ಮ.”

“ಗೊತ್ತು ಸರ್.”

ಕಾಗದ ಸಿಕ್ಕ ಮೇಲೆ ಡಾಕ್ಟರು ಕಾಯಿಲೆಯ ಹೆಸರು ಬರೆದು ಔಷಧಿ ಬದಲಿಸಿದರು. ಅಷ್ಟರಲ್ಲಿ ತಡವಾಗಿತ್ತು. ಮೂರು ವಾರಕ್ಕೆ ಖಾಜಾಸಾಬ್ ತೀರಿಕೊಂಡರು. ಕಾಗದದ ಸುದ್ದಿ ತಿಳಿದ ವರ್ಕ್‌ಶಾಪಿನವರು ಸಾಜಿದಾಳ ಉಳಿದ ತುಣುಕುಗಳನ್ನು ಪೊಟ್ಟಣವನ್ನೂ ಬಿಚ್ಚದೆ ವಾಪಸ್ ಕಳಿಸಿದರು. ಪ್ರಬಂಧ ಅರ್ಧಕ್ಕೇ ನಿಂತಿತು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಅವಳು ಮತ್ತೆ ಸಾಸ್ವೆಹಳ್ಳಿಗೆ ಹೋದಳು. ಅಖ್ತರ್‌ಬೀ ಅಕ್ಕಿ ಆರಿಸುತ್ತ ಕೂತಿದ್ದರು. ತಲೆ ಎತ್ತದೆ ಕೇಳಿದರು:

“ಆ ಪುಡಿ ಕೆಟ್ಟದ್ದು ಅಂತ ನಿನಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು ಚಾಚಿ.”

ಅಖ್ತರ್‌ಬೀಯ ಕೈ ನಿಂತಿತು.

“ಎರಡು ದಿನದ್ದಲ್ಲ, ವರ್ಷಗಟ್ಟಲೆ ಕೂತಿರೋ ಧೂಳು ಅಂತ ಡಾಕ್ಟ್ರು ಅಂದ್ರು. ಆದ್ರೂ ಒಂದ್ಮಾತು ಹೇಳ್ಬೇಕಾಗಿತ್ತು. ಹೇಳಿದ್ರೂ ಅವರು ಮಾಡೇ ಕೊಡ್ತಿದ್ರೇನೋ. ಆದ್ರೆ ಗೊತ್ತಿದ್ದು ಮಾಡ್ತಿದ್ರು.”

ಅಖ್ತರ್‌ಬೀ ನಮಾಜಿಗೆಂದು ಎದ್ದು ಒಳಗೆ ಹೋದರು. ಅವರು ಹೊರಗೆ ಬರುವವರೆಗೂ ಸಾಜಿದಾ ಕಾದಳು. ಬಂದ ಮೇಲೆ ಅವರು ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮತ್ತೆ ಮೊರ ಎತ್ತಿಕೊಂಡರು. ಸಾಜಿದಾ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಕಡೆ ನಡೆದಳು.