ನಡುಗಿದ್ದು ನೆಲವೋ ನಾನೋ

ಎದುರು ಸೀಟಿನ ಹೆಂಗಸು ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದಾಳೆ, ಸಿಪ್ಪೆ ಮಡಿಲಿಗೆ, ಕಾಳು ಬಾಯಿಗೆ, ಒಂದು ಕಾಳು ಸೀಟಿನ ಸಂದಿಗೆ ಬಿದ್ದರೆ ಅದನ್ನೂ ಕೆದಕಿ ತೆಗೆದು ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಂಡಳು, ಅಬ್ಬಬ್ಬಾ, ಹಸಿವೆಂದರೆ ಹೀಗಿರುತ್ತದೆ ಅಲ್ಲವೆ, ನನಗೆ ಮರೆತೇ ಹೋಗಿತ್ತು, ತಗೋಳಮ್ಮ ಒಂದಿಡಿ ಅಂತ ನನ್ನ ಕಡೆ ಕೈ ಚಾಚಿದಳು, ಬ್ಯಾಡ ಕಣಕ್ಕ ಊಟ ಆಗೈತೆ ಅಂದೆ, ಎಲ್ಲಿ ಆಗೈತೆ, ನಿನ್ನೆ ಬೆಳಿಗ್ಗೆ ಅರ್ಧ ಮುದ್ದೆ ನುಂಗಿದ್ದೇ ಕೊನೆ — ಬಸಿರಲ್ಲಮ್ಮ, ಅಂದರು ಇವತ್ತು ಬೆಳಿಗ್ಗೆ ಬಂಗಾರಪೇಟೆಯ ಲೇಡಿ ಡಾಕ್ಟರು, ಕೈ ತೊಳೆಯುತ್ತ, ನನ್ನ ಮುಖ ನೋಡದೆ, ಬಸಿರಲ್ಲ, ಮುಟ್ಟು ನಿಂತಿರೋದು ಮೈ ಒಣಗಿ, ಏನು ತಿಂತೀಯ ನೀನು, ಏನು ಮಾತ್ರೆ ತಗೊಳ್ತೀಯ — ಮಾತ್ರೆ ಅಂತ ಅವರಿಗೆ ಹೇಗೆ ಗೊತ್ತಾಯಿತು, ನಾನು ಬಾಯೇ ಬಿಟ್ಟಿರಲಿಲ್ಲ, ಕಣ್ಣಿನ ಪಾಪೆಗೆ ಬೆಳಕು ಬಿಟ್ಟು ನೋಡಿದರು, ನಾಡಿ ಹಿಡಿದು ಗಡಿಯಾರ ನೋಡಿದರು, ಮತ್ತೊಂದು ಸಲ ಹಿಡಿದರು, ಮೊದಲ ಸಲ ಅವರಿಗೇ ನಂಬಿಕೆ ಬರಲಿಲ್ಲವೇನೋ. ಅಲ್ಲಿ ಕೋರಮಂಡಲ್ ಗಣಿಯ ಆಳುಗಳ ಲೈನಿನ ನಮ್ಮ ಮನೆಯಲ್ಲಿ ಅತ್ತೆ ಓಬಳಮ್ಮ ಹಳೇ ಸೀರೆ ಹರಿದು ಕೂಸಿಗೆ ಅಂತ ಬಟ್ಟೆ ಮಡಿಸಿ ಇಟ್ಟಿದ್ದಾರೆ, ಊರ ದೇವರಿಗೆ ಹರಕೆ ಹೊತ್ತಿದ್ದಾರೆ, ಅವರಿಗೆ ಏನಂತ ಹೇಳಲಿ, ನನ್ನ ಮೈ ನನಗೇ ಸುಳ್ಳು ಹೇಳಿತು ಅತ್ತೆ, ಅನ್ನಲೇ. ನಂಬುತ್ತಾರೆಯೇ, ನಾನೇ ಇನ್ನೂ ನಂಬಿಲ್ಲ.

ರೈಲುಗಾಡಿ ಕುಲುಕುತ್ತಿದೆ, ಇದು ಗಾಡಿಯ ಕುಲುಕು, ನನ್ನದಲ್ಲ, ನೋಡು ಎಲ್ಲರ ತಲೆಯೂ ಒಟ್ಟಿಗೇ ಅಲ್ಲಾಡುತ್ತಿದೆ, ಕಡಲೆಕಾಯಿ ಅಕ್ಕನದೂ, ಮೂಲೆಯಲ್ಲಿ ತೂಕಡಿಸುವ ಮುದುಕಿಯದೂ, ಹಾಗಾದರೆ ಸರಿ, ಹೀಗೆ ಪಕ್ಕದವರ ತಲೆ ನೋಡಿ ತಿಳಿದುಕೊಳ್ಳುವ ಗತಿ ಬಂತಲ್ಲೇ ರತ್ನ ನಿನಗೆ. ವೆಂಕಟರತ್ನಮ್ಮ ಅಂತ ಹೆಸರಿಟ್ಟು ಬೂದಿಕೋಟೆಯಲ್ಲಿ ಯಾರೂ ಹಾಗೆ ಕರೆಯಲೇ ಇಲ್ಲ, ಅಪ್ಪ ಗಾಳಿ ಅನ್ನುತ್ತಿದ್ದ, ಲೇ ಗಾಳಿ, ಎಮ್ಮೆ ಎಲ್ಲೇ ಕಟ್ಟಿದೆ, ಎಮ್ಮೆ ಕಟ್ಟಲು ಹೋದವಳು ಹುಣಿಸೆ ಮರದ ಕೆಳಗೆ ಕಾಯಿ ಆರಿಸುತ್ತ ಕೂತಿರುತ್ತಿದ್ದೆ, ಕಾಯಿ ಮಡಿಲಲ್ಲಿ, ಎಮ್ಮೆ ಪಕ್ಕದವರ ರಾಗಿ ಹೊಲದಲ್ಲಿ, ಬೇಕಂತ ಮಾಡಿದ್ದಲ್ಲ, ಒಂದು ಕೆಲಸ ಹಿಡಿದರೆ ಇನ್ನೊಂದು ಬಂದು ಕೈ ಜಗ್ಗುತ್ತಿತ್ತು, ಅದನ್ನು ಹಿಡಿದರೆ ಮತ್ತೊಂದು. ಮದುವೆಯಾಗಿ ಕೋರಮಂಡಲ್‌ಗೆ ಬಂದ ಮೇಲೂ ಅದೇ ಪಾಡು, ಆಲು ಉಕ್ತಾ ಐತೆ ಕಣೇ, ಆಲು, ಅಂತ ಅತ್ತೆ ಕೂಗಿದ ಮೇಲೇ ನನಗೆ ಒಲೆ ನೆನಪಾಗುವುದು, ಗಂಡ ಚಲಪತಿ ಕೆಳಗೆ ಗಣಿಯಲ್ಲಿ ಬಂಡೆ ಕುಸಿಯದ ಹಾಗೆ ಮರ ನಿಲ್ಲಿಸುವವನು, ಒಂದು ಮರ ಮರೆತರೆ ನಾಕು ಹೆಣ ಬೀಳ್ತವೆ ರತ್ನ, ನೀನೇನಾದ್ರೂ ಆ ಕೆಲ್ಸಕ್ಕೆ ಬಂದಿದ್ರೆ ಗಣೀನೇ ಮುಚ್ಬೇಕಿತ್ತು ಅಂತ ನಗುತ್ತಿದ್ದ, ನಗುತ್ತಿದ್ದವನು ಅವನೊಬ್ಬನೇ. ಅತ್ತೆ ನಗಲಿಲ್ಲ, ಆಂಡರ್ಸನ್‌ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಇವಳಿಗೆ ಮಂಕು ಬಡ್ದೈತೆ ಸಾಮಿ, ಏನಾದ್ರೂ ಕೊಡಿ.

ಮಂಕಲ್ಲಮ್ಮ, ಮನಸ್ಸು ಒಂದು ಕಡೆ ನಿಲ್ಲಲ್ಲ ಅಷ್ಟೆ, ಅಂದ ಆ ಡಾಕ್ಟರು, ಇದು ಚುರುಕಿನ ಮಾತ್ರೆ, ದೊಡ್ಡ ದೊಡ್ಡ ಮನೆ ಹೆಂಗಸರು ತಗೊಳ್ತಾರೆ, ಮೈಯೂ ತೆಳ್ಳಗಾಗುತ್ತೆ, ಒಳ್ಳೇದೇ ತಾನೇ. ಸುಳ್ಳು ಹೇಳಬಾರದು, ಒಳ್ಳೆಯದೇ ಆಯಿತು, ಅದೇ ನನ್ನ ಹೊಟ್ಟೆ ಉರಿಯುವುದು ಈಗ, ಮೊದಲ ದಿನ ಮಾತ್ರೆ ನುಂಗಿ ಪಾತ್ರೆ ಬೆಳಗಲು ಕೂತವಳು ಬೆಳಗಿ ಮುಗಿಸಿಯೇ ಎದ್ದೆ, ಎದ್ದು ನೋಡಿದರೆ ಎಲ್ಲ ಪಾತ್ರೆ ಸಾಲಾಗಿ ಬೋರಲು, ಒಂದೂ ಬಾಕಿ ಇಲ್ಲ, ಅಳು ಬಂತು ನನಗೆ, ಇದು ಇಷ್ಟು ಸುಲಭವೇ, ಎಲ್ಲ ಹೆಂಗಸರಿಗೂ ಇದು ಹೀಗೇ ಆಗುತ್ತಿತ್ತೇ, ನನಗೊಬ್ಬಳಿಗೇ ಅಷ್ಟು ವರ್ಷ ಕಷ್ಟವಾಗಿತ್ತೇ — ಅತ್ತೆ ಲೈನಿಗೆಲ್ಲ ಹೇಳಿಕೊಂಡು ಬಂದರು, ನಮ್ಮ ಸೊಸೆ ಈಗ ಬಂಗಾರ ಕಣ್ರೀ. ಹಸಿವು ಹೋಯಿತು, ಹೋಗಲಿ ಅಂದೆ, ನಿದ್ದೆ ಹೋಯಿತು, ಹೋಗಲಿ, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು, ದವಡೆ ಕಚ್ಚಿ ಕಚ್ಚಿ ಹಲ್ಲು ನೊಂದವು, ಹೋಗಲಿ ಬಿಡು, ಹಾಲು ಉಕ್ಕಲಿಲ್ಲವಲ್ಲ. ರವಿಕೆಗೆ ಮತ್ತೆ ಮತ್ತೆ ಹೊಲಿಗೆ ಹಾಕಿ ಬಿಗಿ ಮಾಡಿಕೊಂಡೆ, ಪಕ್ಕದ ಮನೆ ಮಂಗಮ್ಮ, ಏನೇ ರತ್ನ, ಸಿನಿಮಾಕ್ಕೆ ಸೇರ್ಕಂತೀಯಾ ಅಂತ ರೇಗಿಸಿದಳು, ಖುಷಿಯಾಯಿತು, ಸಾಯಲಿ, ಖುಷಿಯೇ ಆಯಿತು ನನಗೆ.

ಆದರೆ ತಿಂಗಳ ಆ ದಿನಗಳು, ಹೊರಗೆ ಕೂರುವ ಮುಂಚಿನ ವಾರ, ಮಾತ್ರೆ ನುಂಗಿದರೂ ತಲೆಯೊಳಗೆ ಹಳೇ ಗಾಳಿಯೇ, ಕೈಯಲ್ಲಿದ್ದ ಸೌಟು ಎಲ್ಲಿಟ್ಟೆ, ಉಪ್ಪು ಹಾಕಿದೆನೋ ಇಲ್ಲವೋ, ಮಾತ್ರೆ ಸತ್ತುಹೋದ ಹಾಗೆ, ಯಾಕೆ ಹೀಗೆ ಅಂತ ಯಾರನ್ನು ಕೇಳಲಿ, ಆಂಡರ್ಸನ್‌ಪೇಟೆಯ ಡಾಕ್ಟರು ಗಂಡಸು, ಮುಟ್ಟಿನ ಮಾತು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ, ಹೇಳುವುದುಂಟೇ, ನಾಚಿಕೆಗೆಟ್ಟವಳು ಅಂದಾನು. ಆ ವಾರ ಎರಡು ನುಂಗಿದೆ. ಹೊರಗಾದರೆ ನಾನು ಜಗುಲಿಯ ಮೂಲೆಯಲ್ಲಿ, ಮಾತ್ರೆಯ ಸೀಸೆ ಒಳಗೆ ಗೂಡಿನಲ್ಲಿ, ಮುಟ್ಟುವ ಹಾಗಿಲ್ಲ, ಅತ್ತೆಯೇ ತಂದು ಹೊಸಲಿನ ಈಚೆ ಬಗ್ಗಿ, ನನ್ನ ಬೊಗಸೆಗೆ ಮೇಲಿನಿಂದ ಬಿಡುತ್ತಿದ್ದರು, ಆ ಕೈ, ಬೆರಳು ಬೆರಳಿಗೆ ತಾಗದ ಹಾಗೆ ಎತ್ತಿ ಹಿಡಿದ ಆ ಕೈ, ಪ್ರಸಾದ ಬಿಡುವವರ ಹಾಗೆ, ಇನ್ನೊಂದ್ ಬೇಕಾ ತಗೋ, ಒಂದಕ್ಕೆಲ್ಲ ನಿನ್ ಮಂಕು ಬಗ್ಗಲ್ಲ, ಅಂತ ಮತ್ತೊಂದು. ಕೆಟ್ಟ ಮನಸ್ಸಿನಿಂದಲ್ಲ, ಖಂಡಿತ ಅಲ್ಲ, ಪ್ರೀತಿಯಿಂದಲೇ. ಆಮೇಲೆ ಹೊರಗೆ ಕೂರುವುದೇ ನಿಂತಿತು, ಅತ್ತೆ ಕೆನ್ನೆ ಸವರಿ ನೆಟಿಕೆ ಮುರಿದರು, ಎರಡು ಮಾತ್ರೆಯ ರೂಢಿ ಮಾತ್ರ ನಿಲ್ಲಲಿಲ್ಲ.

ನಡುಕ ಶುರುವಾದದ್ದು ಆಗಲೇ, ಅದನ್ನು ನಡುಕ ಅಂತ ನಾನು ತಿಳಿಯಲೇ ಇಲ್ಲ, ನಮ್ಮ ಕಡೆ ಹಾಗೆ ಯಾರು ತಿಳಿಯುತ್ತಾರೆ, ಕೆಳಗೆ ಬಂಡೆ ಸಿಡಿದರೆ ಮೇಲೆ ಲೈನಿನ ಮನೆಗಳೆಲ್ಲ ಗಡಗಡ ಅನ್ನುತ್ತವೆ, ಬರ್ಸ್ಟು ಅನ್ನುತ್ತೇವೆ ನಾವು, ಗೂಡಿನ ಲೋಟ ಉರುಳುತ್ತದೆ, ತಗಡಿನ ಸೂರಿನಿಂದ ಮಸಿ ಉದುರುತ್ತದೆ, ಹೆಂಗಸರು ಒಲೆ ಮೇಲಿನದನ್ನು ಒಲೆ ಮೇಲೇ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡುತ್ತಾರೆ, ಯಾರ ಗಂಡನನ್ನು ಮೇಲೆ ತರುತ್ತಾರೋ, ಹೇಗೆ ತರುತ್ತಾರೋ. ಎದೆ ಗುಡುಗುಡು ಅಂದು, ಕೈಯಲ್ಲಿನ ತಟ್ಟೆ ಅದುರಿ, ಕಾಲಡಿ ನೆಲ ಜಾರಿದ ಹಾಗಾದರೆ ಈ ಊರಿನ ಯಾವ ಹೆಂಡತಿಯಾದರೂ ಇನ್ನೇನು ಅಂದುಕೊಳ್ಳುತ್ತಾಳೆ, ಓಡಿದೆ, ನಾನು ಓಡಿದ್ದು ನೋಡಿ ಮಂಗಮ್ಮ ಓಡಿದಳು, ಮಂಗಮ್ಮನ ಹಿಂದೆ ಇಡೀ ಲೈನು. ಗೇಟಿನಲ್ಲಿ ವಾಚ್‌ಮನ್ ಆರುಮುಗಂ ಬೀಡಿ ಸೇದುತ್ತ ನಿಂತಿದ್ದ, ಎನ್ನಮ್ಮಾ, ಎಲ್ಲಾರೂ ಯಾಕ್ ಬಂದ್ರಿ, ಒಣ್ಣುಮಿಲ್ಲೆ, ಏನೂ ಆಗಿಲ್ಲ ಪೋಂಗಮ್ಮಾ. ಮತ್ತೊಂದು ದಿನ ಓಡಿದಾಗ ಹಿಂದೆ ಯಾರೂ ಇರಲಿಲ್ಲ, ಮಂಗಮ್ಮ ನಲ್ಲಿ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು, ಕಡೆಯ ಸಲ ಗೇಟಿನ ಕಂಬಿ ಹಿಡಿದು ಗೋಳಾಡಿದೆ, ಬಿಚ್ಚಿದ ತಲೆಯಲ್ಲಿ, ಬಾಯಿ ಬಡಿದುಕೊಂಡು ಗೋಳಾಡಿದೆ, ಪಾಳಿ ಮುಗಿಸಿ ಆಳು ಏರಿಳಿಸುವ ಕೇಜಿನಿಂದ ಹೊರಬಂದ ಚಲಪತಿ ಗರಬಡಿದವನ ಹಾಗೆ ನಿಂತುಬಿಟ್ಟ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಚಾಪೆ ಹಾಸುತ್ತ, ಬದ್ಕಿರೋನ್ ಮೇಲೆ ಗೇಟ್ ಹತ್ರ ಅಳ್ತೀಯಲ್ಲೇ ರತ್ನ, ಇಳಿಯೋವಾಗ ಕೇಜ್‌ನಾಗೆ ನನ್ ಪಕ್ಕ ಒಬ್ರೂ ನಿಲ್ತಿಲ್ಲ ಕಣೇ, ಇವನ್ ಎಂಡ್ತಿಗೆ ಮೊದ್ಲೇ ಏನೋ ಕಾಣಿಸ್ತೈತೆ ಅಂತಾರೆ, ಅಂದು ಗೋಡೆ ಕಡೆ ತಿರುಗಿ ಮಲಗಿದ. ಚಿಕ್ಕಮ್ಮನನ್ನು ನೋಡಿ ಬರುತ್ತೇನೆ ಅಂತ ಸುಳ್ಳು ಹೇಳಿ ಇವತ್ತು ಬಂಗಾರಪೇಟೆಗೆ ಹೋದದ್ದು ಅದಕ್ಕೇ.

ಮಾತ್ರೆ, ನಡುಕ, ಗೇಟಿಗೆ ಓಡಿದ್ದು ಎಲ್ಲ ಹೇಳಿಕೊಂಡೆ, ನೆಲ ಅಲ್ಲಮ್ಮ ಅದು, ನಿನ್ನ ಎದೆ, ಅಂದರು ಲೇಡಿ ಡಾಕ್ಟರು. ನೆಲ ಅಲ್ಲ. ನಾನು ಬಾಯಿ ಬಿಟ್ಟುಕೊಂಡು ಕೂತೆ, ಒಂದು ಸಲವೂ ಹೊಳೆಯಲಿಲ್ಲವೇ ನನಗೆ, ನನ್ನ ಎದೆ ನನಗೆ ಗೊತ್ತಾಗಲಿಲ್ಲವೇ. ಮಾತ್ರೆ ನಿನ್ನ ಎದೇನ ಓಡಿಸ್ತಿದೆ, ನೀನು ಅದರ ಮೇಲೆ ಗೇಟಿನ ತನಕ ಓಡ್ತೀಯ, ಇನ್ನೊಂದು ಸಲ ಹಾಗೆ ಓಡಿದ್ರೆ ಗೇಟು ಮುಟ್ತೀಯ ಅಂತ ನನಗೆ ನಂಬಿಕೆ ಇಲ್ಲ, ಕೇಳಿಸ್ತಾ, ನಡುಕ ಬಂದ್ರೆ ಇರೋ ಜಾಗದಲ್ಲೇ ಕೂತ್ಕೊ, ಉಸಿರು ನಿಧಾನ ಬಿಡು, ನೆಲಕ್ಕೆ ಏನೂ ಆಗಿಲ್ಲ ಅಂತ ಹೇಳ್ಕೊ, ಮಾತ್ರೆ ಕಡಿಮೆ ಮಾಡ್ತಾ ಬಿಟ್ಟುಬಿಡು. ಬಿಟ್ಟರೆ ಮತ್ತೆ ಹಾಲು ಉಕ್ಕುತ್ತದಲ್ಲ ಡಾಕ್ಟರಮ್ಮ, ಅಂದೆ, ಎಂಥ ಮಾತು ಆಡಿದೆ ನೋಡು, ಜೀವದ ಮಾತು ಹೇಳುತ್ತಿದ್ದರೆ ನನಗೆ ಹಾಲಿನ ಚಿಂತೆ, ಅವರು ಮೊದಲ ಸಲ ನನ್ನ ಮುಖ ನೋಡಿದರು, ಉಕ್ಕಲಿ ಬಿಡಮ್ಮ, ಒರೆಸಿದ್ರಾಯ್ತು. ಹಾಗೆ ಯಾರೂ ನನಗೆ ಹೇಳಿರಲಿಲ್ಲ.

ಕೋರಮಂಡಲ್ ಬಂತು, ಇಳಿದೆ, ಕಡಲೆಕಾಯಿ ಅಕ್ಕ ಕಿಟಕಿಯಿಂದ ಸೆರಗು ಸರಿಮಾಡ್ಕೋ ತಾಯಿ ಅಂದಳು, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಹಲ್ಲಿಗೆ ಸಿಗುತ್ತಿದೆ, ಚಲಪತಿ ಹಗಲು ಪಾಳಿ, ಈಗ ಕೆಳಗಿದ್ದಾನೆ, ಸಾಯಂಕಾಲ ಬಂದ ಮೇಲೆ ಎಲ್ಲ ಹೇಳುತ್ತೇನೆ, ಬಸಿರಲ್ಲ, ಕಾಣಿಸುವುದೂ ಏನಿಲ್ಲ, ನಿನ್ನ ಪಕ್ಕ ಧೈರ್ಯವಾಗಿ ನಿಂತುಕೊಳ್ಳಲು ಹೇಳು ಅವರಿಗೆ, ನಿನ್ನ ಹೆಂಡತಿಯ ಎದೆ ಕೆಟ್ಟಿದೆ ಅಷ್ಟೆ — ಬಂತು, ಅಯ್ಯಯ್ಯೋ ಬಂತು, ಕಾಲಡಿಯಿಂದ ಮೊಣಕಾಲಿಗೆ, ಮೊಣಕಾಲಿಂದ ಎದೆಗೆ, ಧಡ್ ಅಂತ, ಎಂದಿಗಿಂತ ಜೋರು, ಓಡು ಅಂತಿದೆ ಕಾಲು, ಇಲ್ಲ, ಕೂತ್ಕೊ ರತ್ನ, ಕೂತೆ, ದಾರಿ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ, ನೆಲಕ್ಕೆ ಏನೂ ಆಗಿಲ್ಲ, ಉಸಿರು ಎಳೆದುಕೊ, ಬಿಡು, ನೆಲಕ್ಕೆ ಏನೂ ಆಗಿಲ್ಲ, ನೋಡಿದಿರಾ ಡಾಕ್ಟರಮ್ಮ, ನಾನು ಓಡಲಿಲ್ಲ, ಭೇಷ್ ಕಣೇ ರತ್ನ, ಚಲಪತಿಗೆ ಇದನ್ನೂ ಹೇಳಬೇಕು. ಮಂಗಮ್ಮ ಓಡುತ್ತಿದ್ದಾಳೆ, ನಲ್ಲಿಯಲ್ಲಿ ನೀರು ಬಂತೇನೋ, ಕೊಡ ಇಲ್ಲದೆ ಯಾಕೆ ಓಡುತ್ತಾಳೆ, ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು ಕಂಕುಳಲ್ಲಿ ಕೂಸು ಇಟ್ಟುಕೊಂಡು, ಸೀಮೆಎಣ್ಣೆ ಗಾಡಿ ಬಂದಿರಬೇಕು, ಹೌದು, ಸೀಮೆಎಣ್ಣೆಯೇ, ಉಸಿರು ಬಿಡು ನಿಧಾನ — ಅತ್ತೆ. ಗೋಡೆ ಹಿಡಿಯದೆ ನಲ್ಲಿಯ ತನಕ ಬರಲಾರದ ಅತ್ತೆ, ಸೆರಗು ನೆಲದ ಮೇಲೆ, ಓಡುತ್ತಿದ್ದಾರೆ, ಬಲಗೈ ಮಣಿಕಟ್ಟಿನ ತನಕ ಹಸಿ ರಾಗಿ ಹಿಟ್ಟು, ತೊಳೆದುಕೊಂಡಿಲ್ಲ, ಯಾಕೆ ತೊಳೆದುಕೊಂಡಿಲ್ಲ, ಏನೇ ಕೂತಿದ್ದೀಯ, ಏಳೇ ತಾಯಿ, ಚಲಪತಿ ಕೆಳಗವ್ನೆ, ನೆಲಕ್ಕೆ ಏನೂ ಆಗಿಲ್ಲ ಅತ್ತೆ, ಅದು ಮಾತ್ರೆ ಅತ್ತೆ, ಡಾಕ್ಟರಮ್ಮ ಹೇಳಿದರು, ಅತ್ತೆಗೆ ಕೇಳಿಸುತ್ತಿಲ್ಲ, ಸೈರನ್ ಕೂಗುತ್ತಿದೆ, ನನ್ನ ಮಣಿಕಟ್ಟು ಹಿಡಿದು ಎಳೆಯುತ್ತಿದ್ದಾರೆ, ಓಡಿದರೆ ಗೇಟು ಮುಟ್ಟುವುದಿಲ್ಲ ಅಂದರು, ಓಡದಿದ್ದರೆ, ಓಡದಿದ್ದರೆ ಯಾರು ಅವನನ್ನು, ಆ ಕೈ, ಹಿಟ್ಟು ಮೆತ್ತಿದ ಆ ಕೈ ನಡುಗುತ್ತಿದೆ, ನನ್ನದಲ್ಲ, ಅತ್ತೆಯ ಕೈ, ಅತ್ತೆ ಮಾತ್ರೆ ನುಂಗುವುದಿಲ್ಲ, ಅತ್ತೆಯ ಕೈ ನಡುಗುತ್ತಿದೆ, ಅತ್ತೆಯ ಕೈ