ಎರಡು ತಟ್ಟೆ ಹಿಟ್ಟು

ಮೂರನೆಯ ಸಲವೂ ಯಾರೂ ಬರಲಿಲ್ಲ.

ಮಾವಿನ ಮರಕ್ಕೆ ತೂಗುಹಾಕಿದ್ದ ಲಾರಿ ಚಕ್ರದ ಕಬ್ಬಿಣವನ್ನು ಮುಖ್ಯೋಪಾಧ್ಯಾಯಿನಿ ಎನೆಲೆಸಿ ಕೈ ಸೋಲುವಷ್ಟು ಹೊಡೆದಿದ್ದಳು. ಮಕ್ಕಳನ್ನು ತರಗತಿಗೆ ಕರೆಯುವುದೂ ಅದೇ, ಊರವರನ್ನು ಸಭೆಗೆ ಕರೆಯುವುದೂ ಅದೇ. ಹೊರಗೆ ತಂದಿಟ್ಟ ಬೆಂಚುಗಳ ಮೇಲೆ ಎರಡು ಕೋಳಿ, ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಬಿಜಿವೆಕ್ ಅಜ್ಜ. ಅಷ್ಟೇ ಹಾಜರಿ. ಅಜ್ಜ ಬಂದದ್ದೂ ಅಧ್ಯಕ್ಷನಾದ ತಪ್ಪಿಗೆ.

ಕಂಫೆಂಡ ಶಾಲೆಯಲ್ಲಿ ಒಂಬೈನೂರು ಮಕ್ಕಳು, ಐವರು ಶಿಕ್ಷಕರು, ನಾಲ್ಕು ಕೋಣೆ. ಮಿಕ್ಕವರಿಗೆಲ್ಲ ಮರದ ಕೆಳಗೆ ಪಾಠ, ಮಳೆ ಬಂದರೆ ಅದೂ ಇಲ್ಲ. ಊರವರು ಇಟ್ಟಿಗೆ ಹೊಯ್ದು ಸುಟ್ಟುಕೊಟ್ಟರೆ ಹೊಸ ಕೋಣೆಗಳಿಗೆ ತಗಡು, ಸಿಮೆಂಟು ನಾವು ಕೊಡುತ್ತೇವೆ ಎಂದು ಜಿಲ್ಲಾ ಕಚೇರಿ ಹೇಳಿತ್ತು. ಅಕ್ಟೋಬರ್ ಮುಗಿಯುವುದರೊಳಗೆ ಇಟ್ಟಿಗೆ ಗೂಡು ಸುಟ್ಟಿರಬೇಕು, ಇಲ್ಲವಾದರೆ ತಗಡು ಹೊಳೆಯಾಚೆಯ ಶಾಲೆಗೆ. ಸೆಪ್ಟೆಂಬರ್ ಅರ್ಧ ಕಳೆದಿತ್ತು. ಒಂದು ಇಟ್ಟಿಗೆಯೂ ಆಗಿರಲಿಲ್ಲ.

"ಹೋದ ವರ್ಷ ಗಂಜಿ ಬೇಯಿಸೋ ಚಪ್ಪರ ಹಾಕೋವಾಗ ಕರೀದೇನೇ ಬಂದಿದ್ರಲ್ಲ ಅಜ್ಜ, ಈಗ ಏನಾಗಿದೆ ಇವ್ರಿಗೆ?"

ಅಜ್ಜ ಕೋಳಿಗಳನ್ನು ಓಡಿಸಿ ಬೆಂಚಿನ ಮೇಲೆ ಕೂತ. "ನಿಮಗೆ ನಿಜವಾಗ್ಲೂ ಗೊತ್ತಿಲ್ವಾ, ಇಲ್ಲಾ ಗೊತ್ತಿಲ್ಲದವರ ಥರ ಆಡ್ತಿದ್ದೀರಾ ಮೇಡಂ? ಜುಲೈನಲ್ಲಿ ಗುಲುಪು ಅವರ ಅತ್ತೆ ತೀರ್ಕೊಂಡ್ರಲ್ಲ."

ಗುಲುಪು ಎಂದರೆ ಸುತ್ತಲಿನ ಹತ್ತು ಹಳ್ಳಿಗಳ ಹಿರಿಯ. ಆತನ ಮಾತಿಲ್ಲದೆ ಇಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡದು.

"ನಾನು ಸಂತಾಪ ಕಳಿಸಿದ್ನಲ್ಲ!"

"ಕಳಿಸಿದ್ರಿ. ಕಾಗದ. ಅದರ ಮೇಲೆ ಶಾಲೆಯ ಮೊಹರು ಬೇರೆ. ಸತ್ತ ಮುದುಕಿಗೆ ಬದುಕಿದ್ದಾಗಲೇ ಓದೋಕೆ ಬರ್ತಿರ್ಲಿಲ್ಲ." ಅಜ್ಜ ನಗಲಿಲ್ಲ. "ಹೆಣ ಮನೆಯೊಳಗೆ ಮಲಗಿದೆ, ನೀವಿಲ್ಲಿ ಢಣ್ ಢಣ್ ಅಂತ ಕಬ್ಬಿಣ ಹೊಡೀತಿದ್ದೀರಿ. ಸಾವಾಗಿದೆ ಅಂತ ಹೊಲದಲ್ಲಿ ಗುದ್ದಲೀನೂ ಎತ್ತದ ಊರವರು ಅದನ್ನ ಕೇಳಿಸಿಕೊಂಡು ಕೂತಿದ್ರು."

ಎನೆಲೆಸಿಗೆ ಗೊತ್ತಿರಲಿಲ್ಲವೆಂದಲ್ಲ. ಪೇಟೆಯಲ್ಲಿ ಬೆಳೆದವಳಾದರೂ ಸಾವಿನ ಮನೆಗೆ ಹೆಂಗಸು ತಟ್ಟೆಯಲ್ಲಿ ಜೋಳದ ಹಿಟ್ಟು ಹೊತ್ತು ಹೋಗಬೇಕು, ಚಾಪೆಯ ಮೇಲೆ ಹೆಣದ ಪಕ್ಕ ಕೂರಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅವತ್ತು ಎಂಟನೇ ತರಗತಿಗೆ ಪರೀಕ್ಷೆ, ಇಬ್ಬರು ಶಿಕ್ಷಕರು ರಜೆ. ದಣಿದಿದ್ದಳು. ದಣಿದವರು ಮಾಡುವ ಹಾಗೆ ಕಾಗದ ಬರೆದು ಕೈ ತೊಳೆದುಕೊಂಡಿದ್ದಳು.

ಮರುದಿನ ಒಂದು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಗುಲುಪುವಿನ ಅಂಗಳಕ್ಕೆ ಹೋಗಿ ನೆಲದ ಮೇಲೆ ಮಂಡಿಯೂರಿದಳು. ಆತ ಹುಂಜವನ್ನು ಅತ್ತಿತ್ತ ತಿರುಗಿಸಿ ನೋಡಿ ಒಳಗೆ ಕಳಿಸಿದ.

"ಇದು ನನಗೆ ಆಯ್ತಮ್ಮ. ನನ್ನ ಸಿಟ್ಟು ಇಳೀತು. ಆದ್ರೆ ಇಟ್ಟಿಗೆ ಹೊಯ್ಯೋನು ನಾನಲ್ವಲ್ಲ? ಊರು ಹೊಯ್ಯಬೇಕು. ನಮ್ಮ ಸಾವಿಗೆ ಬರದವರ ಗೋಡೆಗೆ ನಾವ್ಯಾಕೆ ಮಣ್ಣು ತುಳೀಬೇಕು ಅಂತಾರೆ ಹೆಂಗಸರು."

"ಅವರಿಗೆ ನಾನೇನು ಮಾಡ್ಲಿ ಯಜಮಾನ್ರೇ?"

"ಮುಂದಿನ ಸಾವಿಗೆ ಬನ್ನಿ."

"ಅದು ಯಾವಾಗ?"

ಬಾಯಿಂದ ಜಾರಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಗುಲುಪು ಆಕಾಶದತ್ತ ಕೈ ತೋರಿಸಿ ಎದ್ದು ಹೋದ.

ಆಮೇಲೆ ಎರಡು ವಾರ ಊರಲ್ಲಿ ಯಾರೂ ಸಾಯಲಿಲ್ಲ. ಬೇರೆ ವರ್ಷ ಮಳೆಗೆ ಮುಂಚಿನ ಈ ಬಿಸಿಲಿಗೆ ತಿಂಗಳಿಗೆ ಮೂರು ಸಾವಾದರೂ ಆಗುತ್ತಿತ್ತು. ಈ ವರ್ಷ ಹಾಸಿಗೆ ಹಿಡಿದ ಮುದುಕರೂ ಎದ್ದು ಅಂಗಳದಲ್ಲಿ ಕೂತು ನಶ್ಯ ಏರಿಸುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಎನೆಲೆಸಿ ಗಂಜಿ ಚಪ್ಪರಕ್ಕೆ ಹೋಗಿ ಅಡುಗೆಯ ಲಿಸಿನೇಟಿಯನ್ನು ಕೇಳುವಳು, "ಊರಲ್ಲಿ ಎಲ್ಲರೂ ಚೆನ್ನಾಗಿದ್ದಾರಾ?"

"ಚೆನ್ನಾಗಿದ್ದಾರೆ ಮೇಡಂ."

ಊರಿನಿಂದ ಈಗಲೂ ಶಾಲೆಯ ಕೆಲಸಕ್ಕೆ ಬರುತ್ತಿದ್ದವಳು ಲಿಸಿನೇಟಿ ಒಬ್ಬಳೇ. ಗಂಡನಿಲ್ಲ, ಮಕ್ಕಳಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಮೊದಲು ಸರದಿಯ ಮೇಲೆ ಆರು ಹೆಂಗಸರು ಬರುತ್ತಿದ್ದ ಕೆಲಸವನ್ನು ಈಗ ಒಬ್ಬಳೇ ಮಾಡುತ್ತಿದ್ದಳು. ದೋಣಿಯ ಹುಟ್ಟಿನಷ್ಟು ಉದ್ದದ ಸೌಟು ಹಿಡಿದು ಹಂಡೆ ತಿರುವುತ್ತ ನಡುನಡುವೆ ನಿಂತು ಕೆಮ್ಮುವಳು. ಜುಲೈನಲ್ಲಿ ಹತ್ತು ದಿನ ಜ್ವರ ಬಂದು ಮಲಗಿದ್ದವಳು ಮತ್ತೆ ಚೇತರಿಸಿಕೊಂಡಿರಲೇ ಇಲ್ಲ. ಆಸ್ಪತ್ರೆಗೆ ಹೋಗು ಎಂದು ಎನೆಲೆಸಿ ಎರಡು ಸಲ ಹೇಳಿದ್ದಳು. ಹೋದರೆ ಗಂಜಿ ಬೇಯಿಸುವವರಿಲ್ಲ ಎಂದು ಮೂರನೆಯ ಸಲ ಹೇಳಿರಲಿಲ್ಲ.

ಒಂದು ದಿನ ಲಿಸಿನೇಟಿ ಸೌಟು ನಿಲ್ಲಿಸಿ ನಕ್ಕಳು. "ದಿನಾ ಕೇಳ್ತೀರಲ್ಲ ಮೇಡಂ, ಚೆನ್ನಾಗಿದ್ದಾರೆ ಅಂದ್ರೆ ಮುಖ ಸಣ್ಣ ಮಾಡ್ಕೊಳ್ತೀರಿ. ಯಾರಾದ್ರೂ ಹೋಗ್ಲಿ ಅಂತ ಕಾಯ್ತಿದ್ದೀರಾ ಹೇಗೆ?"

"ಥೂ, ಏನು ಮಾತು ಅಂತ ಆಡ್ತೀಯ!"

"ತಮಾಷೆಗಂದೆ. ಬನ್ನಿ, ಈ ಹಂಡೆ ಇಳಿಸೋಕೆ ಕೈ ಕೊಡಿ."

ಸೋಮವಾರ ಲಿಸಿನೇಟಿ ಬರಲಿಲ್ಲ. ಒಲೆ ತಣ್ಣಗಿತ್ತು. ಚಪ್ಪರದ ಮೂಲೆಯಲ್ಲಿ ಒಂದು ವಾರಕ್ಕಾಗುವಷ್ಟು ಸೌದೆ ಒಟ್ಟಿತ್ತು. ಹತ್ತು ಗಂಟೆಗೆ ಬಿಜಿವೆಕ್ ಅಜ್ಜ ಟೋಪಿ ಕೈಯಲ್ಲಿ ಹಿಡಿದು ಬಂದ. ಅದನ್ನು ನೋಡಿಯೇ ಎನೆಲೆಸಿಗೆ ತಿಳಿಯಿತು. ತಿಳಿದ ಕ್ಷಣದಲ್ಲಿ, ಕಣ್ಣೀರಿಗೂ ಮೊದಲು, 'ಇಟ್ಟಿಗೆ' ಎಂಬ ಮಾತು ಅವಳ ಮನಸ್ಸಿನಲ್ಲಿ ಹಾದುಹೋಯಿತು. ಅದಕ್ಕಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಶಾಲೆಗೆ ರಜೆ ಕೊಟ್ಟಳು, ಕಬ್ಬಿಣ ಹೊಡೆಯದೆ, ಒಂದೊಂದು ಮರದ ಕೆಳಗೂ ಹೋಗಿ ಮೆಲ್ಲಗೆ ಹೇಳಿ. ಲಂಗದ ಮೇಲೆ ಬಟ್ಟೆ ಸುತ್ತಿಕೊಂಡು, ತಲೆಗೆ ವಸ್ತ್ರ ಕಟ್ಟಿ, ತಟ್ಟೆಯ ತುಂಬ ಹಿಟ್ಟು ಹೊತ್ತು ನಡೆದಳು. ಬಾಗಿಲಲ್ಲಿ ಹಿಟ್ಟು ತೆಗೆದುಕೊಳ್ಳುತ್ತಿದ್ದವಳು ಲಿಸಿನೇಟಿಯ ಅಕ್ಕ, ಮೆಲಿಫಾ. ತಟ್ಟೆ ನೋಡಿದಳು, ಎನೆಲೆಸಿಯ ಮುಖ ನೋಡಿದಳು.

"ಇದು ನಿಮ್ಮದಾ, ಶಾಲೆದಾ?"

"ಅಂದ್ರೆ?"

"ನನ್ನ ತಂಗಿ ಯಾವ ಸಾವಿನ ಮನೆಗೆ ಹೋದ್ರೂ ಎರಡು ತಟ್ಟೆ ಹೊತ್ಕೊಂಡು ಹೋಗ್ತಿದ್ಲು. ಇದು ನಂದು, ಇದು ಶಾಲೆದು, ಮೇಡಂಗೆ ಬಿಡುವಿಲ್ಲ, ಕಳಿಸಿದ್ದಾರೆ ಅಂತ. ಎರಡು ವರ್ಷದಿಂದ. ನೀವು ಕೊಟ್ಟು ಕಳಿಸ್ತಿದ್ರಿ, ಅಲ್ವಾ?"

ಎನೆಲೆಸಿ ಒಂದು ದಿನವೂ ಒಂದು ಹಿಡಿ ಹಿಟ್ಟು ಕೊಟ್ಟಿರಲಿಲ್ಲ.

"ಜುಲೈನಲ್ಲಿ ಅವಳು ಜ್ವರ ಬಂದು ಬಿದ್ದಿದ್ಲು, ಆ ಮನೆಗೆ ಹೋಗೋಕಾಗ್ಲಿಲ್ಲ," ಎಂದಳು ಮೆಲಿಫಾ. "ನಿಮ್ಮ ಕಾಗದ ಒಂದೇ ಬಂತು."

ಸುಳ್ಳು ಹೇಳುವುದು ಸುಲಭವಿತ್ತು. "ನಾನು ಕೊಟ್ಟಿರ್ಲಿಲ್ಲ ಅಕ್ಕ," ಎಂದಳು ಎನೆಲೆಸಿ. "ಅದೂ ಅವಳ ಹಿಟ್ಟೇ."

ಮೆಲಿಫಾ ತಟ್ಟೆಯನ್ನು ಕೈಗೆ ತೆಗೆದುಕೊಂಡಳು. ತಂಗಿಯ ಮನೆಯಲ್ಲಿ ಹಿಟ್ಟಿನ ಮಡಕೆ ಯಾಕೆ ಯಾವಾಗಲೂ ಬರಿದಾಗಿರುತ್ತಿತ್ತು ಎಂಬ ಲೆಕ್ಕ ಅವಳಿಗೆ ಈಗ ಸರಿಹೋಯಿತೋ ಏನೋ. ಕೊನೆಗೆ ಸರಿದು ಚಾಪೆಯ ಮೇಲೆ ಜಾಗ ಬಿಟ್ಟಳು. ಎನೆಲೆಸಿ ಕೂತಳು. ಹೆಂಗಸರ ಹಾಡು, ಅಳು, ಬೆವರಿನ ಸೆಕೆ. ಎಷ್ಟೋ ತಿಂಗಳ ದಣಿವು ಅಲ್ಲೇ ಅವಳ ಮೇಲೆ ಕುಸಿಯಿತು. ಅಳುತ್ತಳುತ್ತಲೇ ತೂಕಡಿಸಿ ಮೆಲಿಫಾಳ ಹೆಗಲಿಗೆ ಒರಗಿದಳು. ಯಾರೂ ಎಬ್ಬಿಸಲಿಲ್ಲ.

ಮಣ್ಣು ಮಾಡಿದ ಮೇಲೆ, ವಾಡಿಕೆಯಂತೆ, ಗುಲುಪು ಸಮಾಧಿಯ ಬಳಿ ನಿಂತು ಊರಿನ ವಿಷಯ ಹೇಳಿದ. ಕೊಳವೆಬಾವಿಯ ಹಿಡಿ ಮುರಿದಿದೆ. ಮೇಕೆಗಳನ್ನು ಕಟ್ಟಿಹಾಕಿ. ನಾಳಿದ್ದಿನಿಂದ ಶಾಲೆಯ ಇಟ್ಟಿಗೆ, ಮನೆಗೊಬ್ಬರು. ಎನೆಲೆಸಿ ತಲೆ ತಗ್ಗಿಸಿಯೇ ನಿಂತಿದ್ದಳು.

ಬಂದರು. ಗಂಡಸರು ಮಣ್ಣು ತುಳಿದು ಅಚ್ಚಿಗೆ ಹೊಯ್ದರು, ಹೆಂಗಸರು ಹೊಳೆಯಿಂದ ನೀರು ಹೊತ್ತರು, ಅಕ್ಟೋಬರ್ ಇಪ್ಪತ್ತೆಂಟಕ್ಕೆ ಗೂಡಿಗೆ ಬೆಂಕಿ ಬಿತ್ತು. ಜಿಲ್ಲಾ ಕಚೇರಿಯವರು ಬಂದು ಗೂಡಿನ ಚಿತ್ರ ತೆಗೆದುಕೊಂಡರು. "ಊರವರನ್ನ ಹೇಗೆ ಒಪ್ಪಿಸಿದ್ರಿ ಮೇಡಂ? ಬೇರೆ ಶಾಲೆಗಳಿಗೂ ಹೇಳಬಹುದು," ಎಂದು ಕೇಳಿದ ಅಧಿಕಾರಿ ಪೆನ್ನು ತೆರೆದು ನಿಂತ. ಎನೆಲೆಸಿ ಗಂಜಿ ತಳ ಹಿಡಿಯುತ್ತಿದೆ ಎಂದು ಚಪ್ಪರದತ್ತ ಹೋದಳು. ಸರದಿಯ ಹೆಂಗಸರು ಮತ್ತೆ ಬರುವವರೆಗೂ ಆ ಸೌಟು ಅವಳದೇ ಆಗಿತ್ತು.

ಮೊದಲ ಮಳೆ ಬಿದ್ದ ವಾರ ಹೊಳೆದಂಡೆಯ ಮನೆಯೊಂದರಲ್ಲಿ ಒಬ್ಬ ಮುದುಕ ತೀರಿಕೊಂಡ. ಎನೆಲೆಸಿಗೆ ಕಾಲು ಊದಿತ್ತು, ತಿದ್ದದ ಉತ್ತರ ಪತ್ರಿಕೆಗಳು ಮೇಜಿನ ಮೇಲೆ ಬಿದ್ದಿದ್ದವು. ಒಂದು ಗಳಿಗೆ ಕೂತಳು. ಎದ್ದು ಹಿಟ್ಟು ಅಳೆದಳು. ಕೆಸರಿನಲ್ಲಿ ಜಾರದಂತೆ ಹೆಜ್ಜೆಯಿಡುತ್ತ ಆ ಮನೆಯ ಬಾಗಿಲು ತಲುಪಿದಾಗ ಹಿಟ್ಟು ತೆಗೆದುಕೊಳ್ಳುವ ಹೆಂಗಸು ಅವಳ ಕೈ ನೋಡಿದಳು.

"ಎರಡು ತಟ್ಟೆ ಯಾಕೆ ಮೇಡಂ?"

"ಇದು ಶಾಲೆದು," ಎಂದಳು ಎನೆಲೆಸಿ. "ಇದು ಲಿಸಿನೇಟಿದು. ಅವಳಿಗೆ ಬಿಡುವಿಲ್ಲ, ಕಳಿಸಿದ್ದಾಳೆ."